ಬಾಯಿ ಬಿಡದ ಕೀಲಿ

ಈರಬಸಪ್ಪ ಮಾಡಿದ ಕೀಲಿಯನ್ನು ತೆಗೆಯುವ ಕಳ್ಳ ಪುಣೆಯಲ್ಲಿ ಹುಟ್ಟಿರಲಿಲ್ಲ. ಇದು ಖರೆ. ತೊಂದರೆ ಏನೆಂದರೆ, ಆ ಕೀಲಿ ಹಾಕಿದ ಮನೆಯಲ್ಲಿ ಬಾಡಿಗೆಗಿದ್ದ ನಮಗೂ ಅದನ್ನು ತೆಗೆಯಲು ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ನಾಲ್ಕರ ಮಾತು. ಭವಾನಿ ಪೇಠೆಯ ಒಂದು ಓಣಿಯಲ್ಲಿ ರಂಗೂಬಾಯಿಯವರ ಮನೆ. ಮುಂದಿನ ಎರಡು ಕೋಣೆಗಳಲ್ಲಿ ಅವರೊಬ್ಬರೇ. ಹಿತ್ತಲ ಕಡೆಯ ಕೋಣೆಯಲ್ಲಿ ನವಲಗುಂದದ ಕಂಬಾರ ಈರಬಸಪ್ಪ, ಅವನ ಹೆಂಡತಿ ಕಲ್ಲವ್ವ, ತಾಯಿ ಶಿವಗಂಗವ್ವ. ಮಾಳಿಗೆಯ ಮೇಲೆ ನಾನು ಮತ್ತು ನನ್ನ ಹೆಂಡತಿ ಸಾವಂತ್ರವ್ವ. ನಾನು ರೇಲ್ವೆ ಪಾರ್ಸಲ್ ಆಫೀಸಿನಲ್ಲಿ ಕಾರಕೂನ. ಹೆಸರು ರಾಮಲಿಂಗಪ್ಪ, ಊರು ಬಾಗಲಕೋಟೆ, ಸಿಟ್ಟು ಮೂಗಿನ ತುದಿಯಲ್ಲಿ. ಈ ಕೊನೆಯದನ್ನು ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಆದ್ದರಿಂದ ನಾನೇ ಹೇಳಿಬಿಟ್ಟೆ.

ಮೂರು ಸಂಸಾರಕ್ಕೂ ಬೀದಿಗೆ ಇದ್ದದ್ದು ಒಂದೇ ಬಾಗಿಲು. ಹಿತ್ತಲಿಗೆ ಆಳೆತ್ತರ ಮೀರಿದ ಗೋಡೆ. ಹಿಂದೊಮ್ಮೆ ಹಾಡುಹಗಲಲ್ಲೇ ಯಾರೋ ಒಳಗೆ ಬಂದು ರಂಗೂಬಾಯಿಯವರ ತಾಮ್ರದ ಹಂಡೆ ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ಮನೆಯಲ್ಲಿ ಹತ್ತು ಜನ ಇದ್ದರೂ ಮುಂಬಾಗಿಲಿಗೆ ಕೀಲಿ ಬೀಳಲೇಬೇಕು ಎಂಬುದು ಅವರ ಕಟ್ಟಪ್ಪಣೆ. ಬಾಗಿಲ ಹಲಗೆಯೊಳಗೇ ಕೂಡಿಸಿದ ಕೀಲಿ ಅದು. ಒಳಗಿನಿಂದಲೂ ಹೊರಗಿನಿಂದಲೂ ಕೀಲಿಕೈ ಹಾಕಿ ತಿರುವಬಹುದು. ಕೀಲಿಕೈ ಒಟ್ಟು ಮೂರು, ಸಂಸಾರಕ್ಕೊಂದು.

ಈರಬಸಪ್ಪನ ತಂದೆ ಊರಲ್ಲಿ ನೇಗಿಲ ಕುಳ, ಕುಡಗೋಲು ಮಾಡಿಕೊಂಡಿದ್ದವರು. ಈರಬಸಪ್ಪ ಮಾತ್ರ ಪುಣೆಗೆ ಬಂದು ಖಡಕಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಅಲ್ಲಿ ಒಬ್ಬ ಪಾರ್ಸಿ ಮೇಸ್ತ್ರಿ ಅವನಿಗೆ ಉಕ್ಕು ಉಜ್ಜುವ ಸಣ್ಣ ಅರ ಹಿಡಿಯುವುದನ್ನು ಕಲಿಸಿದ. ಬರಬರುತ್ತ ಕೀಲಿ ಎಂದರೆ ಈರಬಸಪ್ಪ ಎನ್ನುವಂತಾಯಿತು; ಯಾವ ಕಪಾಟು ಮುನಿಸಿಕೊಂಡರೂ ಅವನನ್ನೇ ಕರೆಯುತ್ತಿದ್ದರು. ಮಾತು ಕಡಿಮೆ, ಕೆಲಸ ಹೆಚ್ಚು. ಅವನಷ್ಟು ದೊಡ್ಡ ಮೈಯವನು ಅಕ್ಕಿಕಾಳಿನಷ್ಟು ಸಣ್ಣ ಮೊಳೆಯನ್ನು ಎರಡು ಬೆರಳಲ್ಲಿ ಎತ್ತುವುದನ್ನು ನೋಡಲು ನಾನು ಭಾನುವಾರ ಹಿತ್ತಲಲ್ಲಿ ಕೂಡುತ್ತಿದ್ದೆ.

ಹಿಂದಿನ ದಸರೆಯ ಮರುದಿನ ಅವನು ಕೂತಿದ್ದ ಟಾಂಗಾ ಮಗುಚಿತು. ಚಕ್ರ ಬಲಗೈಯ ಮೇಲೆ ಹಾದುಹೋಯಿತು. ಬೆರಳು ಐದೂ ಉಳಿದವು, ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಮಡಚುವುದನ್ನು ಮರೆತುಬಿಟ್ಟವು. ದೊಡ್ಡ ಸುತ್ತಿಗೆ ಹಿಡಿಯಲು ಆಗದೆ ಅವನೇ ಕಾರ್ಖಾನೆ ಬಿಟ್ಟು ಬಂದ. ಹೆಂಡತಿ ಕಲ್ಲವ್ವ ಅದೇ ಹೊತ್ತಿಗೆ ಬಾಣಂತನಕ್ಕೆಂದು ತವರಿಗೆ, ನರಗುಂದಕ್ಕೆ ಹೋದಳು. ಸಂಕ್ರಾಂತಿಯ ಹೊತ್ತಿಗೆ ಹೆಣ್ಣುಮಗು ಹುಟ್ಟಿದ ಕಾಗದ ಬಂತು. ಕಾಗದದ ಕೊನೆಗೆ ಅವನ ಮಾವ ಬರೆಸಿದ್ದ: ‘ಪುಣೆಯಲ್ಲಿ ಸುಮ್ಮನೆ ಕೂಡುವುದಕ್ಕಿಂತ ಇಲ್ಲಿ ಬಂದು ನಮ್ಮ ಕುಲುಮೆಯ ತಿದಿ ಊದಿಕೊಂಡು ಇರಬಹುದು.’ ಓದಿ ಹೇಳಿದವನು ನಾನೇ. ಓದುತ್ತ ನನಗೇ ಮೈ ಉರಿಯಿತು. ಮೇಸ್ತ್ರಿಯಾಗಬೇಕಾದವನು ಮಾವನ ಮನೆಯಲ್ಲಿ ತಿದಿ ಊದಬೇಕೇ?

ಈರಬಸಪ್ಪನ ಆಸೆ ಬೇರೆ ಇತ್ತು. ಮುಂಬಾಗಿಲ ಪಕ್ಕದಲ್ಲಿ ಬೀದಿಗೆ ಮುಖಮಾಡಿ ಒಂದು ತಗಡಿನ ಖೋಲಿ ಇತ್ತು. ಹಿಂದೆ ರಂಗೂಬಾಯಿಯವರ ಆಕಳು ಇದ್ದ ಜಾಗ. ಆಕಳು ಸತ್ತ ಮೇಲೆ ಖಾಲಿ ಬಿದ್ದಿತ್ತು. ಅಲ್ಲಿ ಕೀಲಿ ಮಾಡುವ, ರಿಪೇರಿ ಮಾಡುವ ಅಂಗಡಿ ಇಡಬೇಕು, ಉಗಾದಿಯ ನಂತರ ಕಲ್ಲವ್ವನನ್ನೂ ಕೂಸನ್ನೂ ಕರೆದುಕೊಂಡು ಬರಬೇಕು. ಆದರೆ ಅದೇ ಖೋಲಿಯ ಮೇಲೆ ಓಣಿಯ ಇದ್ದಿಲು ವ್ಯಾಪಾರಿ ಫಕೀರಪ್ಪನ ಕಣ್ಣೂ ಇತ್ತು. ರಂಗೂಬಾಯಿ ಇಬ್ಬರಿಗೂ ‘ನೋಡೋಣ’ ಎಂದು ಹೇಳಿ ತಮಾಷೆ ನೋಡುತ್ತಿದ್ದರು.

ಅಷ್ಟರಲ್ಲಿ ಮುಂಬಾಗಿಲ ಹಳೆಯ ವಿಲಾಯತಿ ಕೀಲಿ ಮುರಿಯಿತು.

“ಹೊಸಾದು ತರಬ್ಯಾಡ್ರಿ ಬಾಯಿ, ನಾ ಮಾಡಿಕೊಡತೀನಿ” ಎಂದ ಈರಬಸಪ್ಪ.

ರಂಗೂಬಾಯಿ ಅವನ ಕೈ ನೋಡಿದರು. ಇಪ್ಪತ್ತು ವರ್ಷ ಕನ್ನಡದವರನ್ನು ಬಾಡಿಗೆಗೆ ಇಟ್ಟುಕೊಂಡು ಅವರ ನಾಲಿಗೆಯಲ್ಲಿ ಎರಡು ಭಾಷೆಗಳು ಕೂಡಿ ಸಂಸಾರ ಮಾಡುತ್ತಿದ್ದವು. “ಕರ ಬಾಬಾ. ಕುಲೂಪ ಚಾಂಗಲಂ ಆದರ ಖೋಲಿ ವಿಚಾರ ಮಾಡೂಣು” ಎಂದರು. ಕೀಲಿ ಚೆನ್ನಾಗಿ ಆದರೆ ಖೋಲಿ ಅವನದು ಎಂದು ನಾವೆಲ್ಲ ಅರ್ಥಮಾಡಿಕೊಂಡೆವು.

ಹದಿನೈದು ದಿನ ಹಿತ್ತಲಲ್ಲಿ ಸಣ್ಣ ಒಲೆ ಉರಿಯಿತು, ಅರ ಕಿರುಗುಟ್ಟಿತು. ಮಡಚದ ಎರಡು ಬೆರಳು ಅಡ್ಡ ಬಂದಾಗಲೆಲ್ಲ ಅವನು ಅವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ ಮುಂದುವರಿಸುತ್ತಿದ್ದ. ಕೀಲಿ ಆಯಿತು. ಎಂಥ ಕೀಲಿ! ಹಿತ್ತಾಳೆಯ ಮುಖ, ಒಳಗೆ ಐದು ಉಕ್ಕಿನ ಪಟ್ಟಿ, ಪಟ್ಟಿಗೊಂದು ಸ್ಪ್ರಿಂಗು. ಒಂದು ಸೋಮವಾರ ಬೆಳಿಗ್ಗೆ ನಾವೆಲ್ಲ ಸರದಿಯಲ್ಲಿ ನಿಂತು ಕೀಲಿಕೈ ತಿರುವಿ ನೋಡಿದೆವು. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ನಾನು ಖುಷಿಯಿಂದ ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ರಂಗೂಬಾಯಿ ಕಾಯಿಪಲ್ಲೆಯ ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ಶಿವಗಂಗವ್ವ. ಮೇಲೆ ಕಿಟಕಿಯಲ್ಲಿ ನನ್ನ ಹೆಂಡತಿಯ ಮುಖ.

“ಒಳಗಿಂದ ತಿರುವಲೇ!” ಎಂದು ನಾನು ಕೂಗಿದೆ.

“ತಿರುವಿ ತಿರುವಿ ನನ್ನ ಕೈ ತಿರುಗಿ ಹೋದ್ವು. ನೀವು ಹೊರಗಿಂದ ಹಾರಾಡಬ್ಯಾಡ್ರಿ!” ಎಂದಳು ಸಾವಂತ್ರವ್ವ.

ಈರಬಸಪ್ಪ ಓಡಿ ಬಂದ. ಕೀಲಿಕೈ ಒಳಗೆ ಹೋಗುತ್ತಿತ್ತು, ಕಾಲುಭಾಗ ತಿರುಗುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಕೊನೆಗೆ ನನ್ನ ಹೆಂಡತಿ ಕಿಟಕಿಯಿಂದ ಹಗ್ಗ ಬಿಟ್ಟಳು, ಈರಬಸಪ್ಪ ಅದಕ್ಕೆ ಪೇಚಕಸ ಕಟ್ಟಿ ಮೇಲೆ ಕಳಿಸಿದ, ಅವಳು ಕೆಳಗಿಳಿದು ಒಳಗಿನಿಂದ ಸ್ಕ್ರೂ ಬಿಚ್ಚಿದಳು. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು ಇಡೀ ಓಣಿ ಹೊರಗೆ ನಿಂತು ಬುದ್ಧಿ ಹೇಳಿತು. ಕೀಲಿಯೆಂದರೇನೆಂದು ಕಂಡರಿಯದವರೂ ಹೇಳಿದರು.

ಈರಬಸಪ್ಪನ ರಿಪೇರಿಗೆ ಒಂದು ಪದ್ಧತಿ ಇತ್ತು, ಕಾರ್ಖಾನೆಯಲ್ಲಿ ಕಲಿತದ್ದು. ಸಿಕ್ಕಿಹಾಕಿಕೊಂಡ ಕೀಲಿಯನ್ನು ಬಿಚ್ಚುವ ಮೊದಲು ಸೋಡಾ ಹಾಕಿದ ನೀರಲ್ಲಿ ಒಂದು ತಾಸು ಕುದಿಸಬೇಕು. ಜಿಡ್ಡು, ತುಕ್ಕು ಎಲ್ಲ ಬಿಟ್ಟುಕೊಳ್ಳುತ್ತದೆ. ಕುದಿಸಿದ. ನೀರು ಕೆಂಪಾಯಿತು. ಬಿಚ್ಚಿ ನೋಡಿದರೆ ಐದೂ ಪಟ್ಟಿ ಸರಿ, ಐದೂ ಸ್ಪ್ರಿಂಗು ಸರಿ. ತಪ್ಪು ಎಲ್ಲಿದೆ ಎಂದೇ ಕಾಣಲಿಲ್ಲ. ಸ್ಪ್ರಿಂಗಿನ ಹದ ತಪ್ಪಿರಬೇಕೆಂದು ಅವನ್ನು ಮತ್ತೆ ಬೆಂಕಿಗೆ ಹಿಡಿದು, ಹದ ಕೊಟ್ಟು, ಕೂಡಿಸಿದ. ಬೆಣ್ಣೆಯ ಹಾಗೆ ತಿರುಗಿತು.

ಎರಡನೆಯ ಸಲ ಅದು ನಮ್ಮನ್ನು ಒಳಗೆ ಇಟ್ಟುಕೊಂಡು ಬಾಯಿ ಮುಚ್ಚಿತು. ಬೆಳಗಿನ ಹತ್ತು ಗಂಟೆ, ನನಗೆ ಆಫೀಸು. ಅವತ್ತು ಪೇಚಕಸ ಹಿಡಿದು ಬೆವರುತ್ತಿದ್ದ ಈರಬಸಪ್ಪ “ಇನ್ನ ಅರ್ಧಾ ತಾಸು ತಡೀರಿ” ಎಂದ. ತಡೆಯುವುದು ನನ್ನ ಜಾತಕದಲ್ಲಿ ಇಲ್ಲ. ಮಂಚದ ನವಾರು ಬಿಚ್ಚಿ ಕಿಟಕಿಗೆ ಕಟ್ಟಿ ಇಳಿದೆ. ಮುಕ್ಕಾಲು ದಾರಿ ಸರಿಯಾಗಿ ಇಳಿದೆ. ಉಳಿದ ಕಾಲುಭಾಗದಲ್ಲಿ ಧೋತರ ಒಂದು ಮೊಳೆಗೆ ಸಿಕ್ಕಿ ಅಲ್ಲೇ ಉಳಿಯಿತು. ಹರಿದ ಧೋತರ ಉಟ್ಟು ಮುಕ್ಕಾಲು ತಾಸು ತಡವಾಗಿ ಹೋದರೆ ಹೆಡ್ ಕ್ಲಾರ್ಕು ಕಾರಣ ಕೇಳಿದರು. “ಮುಂಬಾಗಿಲ ಕೀಲಿ ತೆಗೆಯಲಿಲ್ಲ ಸಾಹೇಬ್ರ” ಎಂದೆ. ರಾಮಲಿಂಗಪ್ಪನನ್ನು ಹೆಂಡತಿ ಕೋಣೆಯಲ್ಲಿ ಹಾಕಿ ಕೀಲಿ ಜಡಿದಿದ್ದಳಂತೆ ಎಂದು ಮಧ್ಯಾಹ್ನದೊಳಗೆ ಪಾರ್ಸಲ್ ಆಫೀಸಿಗೆಲ್ಲ ಗೊತ್ತಾಗಿತ್ತು. ನಾನು ಸಿಟ್ಟಿನಿಂದ ಅಲ್ಲಗಳೆದಷ್ಟೂ ಅವರು ನಂಬಿದರು.

ಈರಬಸಪ್ಪ ಮತ್ತೆ ಕುದಿಸಿದ, ಬಿಚ್ಚಿದ, ಬೆಂಕಿಗೆ ಹಿಡಿದ, ಕೂಡಿಸಿದ. ಅಷ್ಟೊತ್ತಿಗೆ ಓಣಿಯ ಬಾಯಿಗೆ ಕೆಲಸ ಸಿಕ್ಕಿತ್ತು. “ಈ ಕೀಲಿ ಯೆರವಡಾ ಜೈಲಿಗೆ ಕೊಡ್ರಿ, ಒಬ್ಬ ಕೈದೀನೂ ಹೊರಗ ಬರಂಗಿಲ್ಲ” ಎಂದು ಫಕೀರಪ್ಪ ಇದ್ದಿಲು ತೂಗುತ್ತ ಹೇಳಿದ. ಎಲ್ಲರೂ ನಕ್ಕರು. ಹೇಳಲು ನಾಚಿಕೆ, ನಾನೂ ನಕ್ಕೆ. ಈರಬಸಪ್ಪನ ತಾಯಿ ಶಿವಗಂಗವ್ವ ಮಾತ್ರ ತಲೆ ತಗ್ಗಿಸಿ ಒಳಗೆ ಹೋದಳು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅಂದು ಸಂಕಷ್ಟಿ. ರಂಗೂಬಾಯಿ ದಿನವಿಡೀ ಉಪವಾಸ ಇದ್ದು, ಚಂದ್ರನನ್ನು ನೋಡಿ ಊಟ ಮಾಡುವವರು. ಮೋದಕ ಮಾಡಿಟ್ಟು, ಗಣಪತಿಯ ದರ್ಶನಕ್ಕೆ ಹೋಗಿ ಬಂದರು. ಚಂದ್ರ ಬಂದ, ಬಾಗಿಲು ಬಾಯಿ ಬಿಡಲಿಲ್ಲ. ಮೋದಕ ಒಳಗೆ, ಹಸಿದ ರಂಗೂಬಾಯಿ ಹೊರಗೆ. ಈರಬಸಪ್ಪ ಸ್ಕ್ರೂ ಬಿಚ್ಚುವವರೆಗೆ ಅವರು ಒಂದು ಮಾತೂ ಆಡಲಿಲ್ಲ, ಅದೇ ನಮ್ಮನ್ನು ಹೆಚ್ಚು ಹೆದರಿಸಿತು.

ಮರುದಿನ ಎಲ್ಲರನ್ನೂ ಅಂಗಳಕ್ಕೆ ಕರೆದು ಹೇಳಿದರು: “ತುಝಂ ಕುಲೂಪ ಮಸ್ತ ಆಹೆ ಈರಬಸಪ್ಪಾ, ಪಣ ಉಘಡತ ನಾಹೀ! ತೆಗೀದ ಕುಲೂಪ ನನಗ ಯಾಕ? ಪಾಡವ್ಯಾ ದಿವಸ ಸಕಾಳಿ ನನ್ನ ಕೈಲೇ ತಿರುವಿ ನೋಡತೇನಿ. ಉಘಡಲಂ ತರ ಖೋಲಿ ನಿನಗ. ಇಲ್ಲಾಂದರ ಫಕೀರಪ್ಪಾಗ. ಬಸ್ಸ.”

ಪಾಡವಾ ಎಂದರೆ ನಮ್ಮ ಉಗಾದಿ. ಅಂದು ಬೆಳಿಗ್ಗೆ ಕೀಲಿ ತೆರೆದರೆ ಖೋಲಿ ಈರಬಸಪ್ಪನಿಗೆ, ಇಲ್ಲವಾದರೆ ಫಕೀರಪ್ಪನಿಗೆ. ಇನ್ನು ಹನ್ನೆರಡು ದಿನ ಇತ್ತು.

ಆ ಭಾನುವಾರ ನಾನು ಹಿತ್ತಲಿಗೆ ಹೋದಾಗ ಈರಬಸಪ್ಪ ಕೀಲಿಯ ಐದೂ ಪಟ್ಟಿಗಳನ್ನು ಒಂದು ಅರಿವೆಯ ಮೇಲೆ ಸಾಲಾಗಿ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

“ತಪ್ಪು ಸಿಕ್ತೇನಪಾ?” ಎಂದೆ.

“ಸಿಗವಲ್ದರಿ. ಸಿಕ್ಕಿದ್ರ ತಿದ್ದತಿದ್ದೆ” ಎಂದು ಅವನು ಬಲಗೈ ಎತ್ತಿ ನನ್ನ ಮುಂದೆ ಹಿಡಿದ. “ಕಣ್ಣಿಗೆ ಎಲ್ಲಾ ಸರಿ ಕಾಣತದ. ಬಾಗಲಿಗೆ ಹಾಕಿದ ಕೂಡ್ಲೇ ಕೆಡತದ. ಅಂದ್ರ ತಪ್ಪು ಕೀಲ್ಯಾಗಿಲ್ಲ, ಈ ಕೈಯಾಗದ. ಕೈಗೆ ಅಳತಿ ತಪ್ಪೇದ, ನನಗದು ತಿಳೀವಲ್ದು. ಕೈ ಹೋಗೇದರಿ ರಾಮಲಿಂಗಪ್ಪನವರ. ಮಾಂವ ಬರಸಿದ್ದು ಖರೇನ ಅದ. ತಿದಿ ಊದಾಕ ಅಳತಿ ಬೇಕಾಗಿಲ್ಲ.”

ದುಃಖ ಬಂದರೆ ಅಳುವ ಜನ ಇದ್ದಾರೆ. ನನಗೆ ದುಃಖ ಬಂದರೆ ಯಾರ ಮೇಲಾದರೂ ಸಿಟ್ಟು ಬರಬೇಕು. ಯಾರ ಮೇಲೆ? ಖೋಲಿ ಯಾರಿಗೆ ಬೇಕು? ಫಕೀರಪ್ಪನಿಗೆ. ಕೀಲಿ ಕೆಟ್ಟರೆ ಲಾಭ ಯಾರಿಗೆ? ಫಕೀರಪ್ಪನಿಗೆ. ಲೆಕ್ಕ ಕೂಡಿತು. ಅವನೇ ಬೆಳಗಿನ ಜಾವ ಬಂದು ಕೀಲಿಯೊಳಗೆ ಏನೋ ತುರುಕುತ್ತಾನೆ!

ನೇರ ಅವನ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ. ಫಕೀರಪ್ಪ ತಣ್ಣಗೆ ಕೇಳಿದ. ಆಮೇಲೆ ಎರಡೂ ಕೈ ಚಾಚಿ ತೋರಿಸಿದ. ಮೊಣಕೈವರೆಗೆ ಕಪ್ಪು.

“ನಾ ಮುಟ್ಟಿದ್ದಕ್ಕೆಲ್ಲಾ ಕರೀ ಗುರುತು ಬೀಳತದರಿ. ಹೆಂಡ್ತಿ ಬಿಳೇ ಸೀರಿ ಉಡೂದs ಬಿಟ್ಟಾಳ. ನಿಮ್ಮ ಕೀಲಿ ಮ್ಯಾಲೆ ಎಲ್ಲೆರೆ ಕರೇದು ಅದ ಏನು, ನೋಡಿ ಬರ್ರಿ.”

ಇರಲಿಲ್ಲ. ಆದರೆ ಒಮ್ಮೆ ಏರಿದ ಸಿಟ್ಟು ಒಂದು ನ್ಯಾಯವಾದ ಮಾತಿಗೆ ಇಳಿಯುವುದಿಲ್ಲ. ಕೈ ತೊಳೆದುಕೊಂಡು ಬಂದಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವಳು ಬಾಗಿಲ ಚೌಕಟ್ಟಿಗೆ ಅರಿಷಿಣ ಹಚ್ಚುತ್ತ, “ಅದಿರಲಿ, ಈ ಬಾಗಲಕ್ಕ ಇಷ್ಟು ಇರಿವಿ ಎಲ್ಲಿಂದ ಹತ್ತತಾವ, ಅದನ್ನ ಮದಲ ಹೇಳ್ರಿ” ಎಂದಳು. ಇಂಥ ಗಂಭೀರ ವಿಷಯದ ನಡುವೆ ಇರುವೆಯ ಮಾತು ತೆಗೆದದ್ದಕ್ಕೆ ಅವಳ ಮೇಲೂ ರೇಗಿದೆ.

ಉಗಾದಿಯ ಹಿಂದಿನ ದಿನ ಈರಬಸಪ್ಪ ಕೀಲಿಯನ್ನು ಕೊನೆಯ ಸಲ ಬೆಂಕಿಗೆ ಹಿಡಿದು, ಕೂಡಿಸಿ, ಬಾಗಿಲಿಗೆ ಹಾಕಿದ. ಮರುದಿನ ಮೂಡಲು ಕೆಂಪಾಗುವ ಮೊದಲೇ ನಾನು ಎದ್ದೆ. ಕೈಯಲ್ಲಿ ಆಫೀಸಿನ ಕೊಡೆ ಹಿಡಿದು ಏಣಿಮೆಟ್ಟಿಲ ಕೆಳಗೆ ಅಡಗಿ ಕೂತೆ. ಫಕೀರಪ್ಪ ಬರಲಿ, ಇವತ್ತು ಅವನೋ ನಾನೋ.

ಹಿತ್ತಲ ಬಾವಿಯಲ್ಲಿ ಈರಬಸಪ್ಪ ನೀರು ಸೇದುವ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಶಿವಗಂಗವ್ವ ಬಂದಳು. ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ಹೊಸ್ತಿಲು ತೊಳೆದಳು, ರಂಗೋಲಿ ಹಾಕಿದಳು, ಬಾಗಿಲು ತೆರೆದಿಟ್ಟು ಕುಂಕುಮ ಇಟ್ಟಳು. ಒಮ್ಮೆ ಹಿಂದೆ ತಿರುಗಿ ನೋಡಿ, ಸೆರಗಿನ ಗಂಟಿನಿಂದ ಏನೋ ತೆಗೆದಳು. ಅದನ್ನು ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ, ಚೂರುಚೂರಾಗಿ ಕೀಲಿಯ ತೂತಿನೊಳಗೆ ತುಂಬತೊಡಗಿದಳು. ತುಂಬುತ್ತ ಕೂಸಿಗೆ ತುತ್ತು ಕೊಡುವ ದನಿಯಲ್ಲಿ ಹೇಳುತ್ತಿದ್ದಳು: “ತಿನ್ನಪಾ, ತಿನ್ನು. ಇವತ್ತೊಂದಿನ ನನ್ನ ಮಗನ ಮರ್ಯಾದಿ ಉಳಸು. ಹೊಟ್ಟಿ ತುಂಬ ತಿನ್ನು.”

ನನ್ನ ಕೊಡೆ ಕೈಯಿಂದ ಜಾರಿ ಬಿತ್ತು. ಮುದುಕಿ ಬೆಚ್ಚಿದಳು.

“ಅವ್ವಾ, ಏನದು?”

“ಮೆತ್ತಗ ಮಾತಾಡಪಾ. ಬೆಲ್ಲ. ತುಪ್ಪದಾಗ ಕಲಸೀನಿ” ಎಂದಳು, ಕಳ್ಳತನದ ಸುಳಿವೇ ಇಲ್ಲದ ಮುಖದಿಂದ. “ಬೆಂಕ್ಯಾಗ ಹೊಕ್ಕು ಹೊರಗ ಬಂದದ್ದು ಹೊಸಾ ಜೀವ. ಅದರ ಬಾಯಿ ಸೀ ಮಾಡದ ದುಡಿಮಿಗೆ ಹಚ್ಚಬಾರದು. ನಮ್ಮ ಮನ್ಯಾಗ ಅತ್ತಿ ಕಾಲದಿಂದ ಬಂದದ್ದು. ಕುಳಕ್ಕ, ಕುಡಗೋಲಿಗೆ, ಕೊಡ್ಲಿಗೆ ಎಲ್ಲಾಕ್ಕೂ ನಾನ ಮಾಡೀನಿ. ಮಾಡಿದಾಂವ ಮಾತ್ರ ನೋಡಬಾರದು, ಅದಕ್ಕ ಈರಬಸೂ ನೀರಿಗೆ ಹೋದಾಗ ಬರತೀನಿ.”

“ಎಷ್ಟು ಸಲ ಮಾಡೀರಿ?”

“ಅಂವ ಬೆಂಕಿಗೆ ಹಿಡದಾಗೊಮ್ಮೆ. ಇದು ನಾಕನೇದು. ಮದಲ ಕಡ್ಲಿ ಕಾಳಷ್ಟು ಇಟ್ಟಿದ್ದೆ. ಕೀಲಿ ಹಟಾ ಹಿಡೀತು. ಸಾಲಲಿಲ್ಲೇನೋ ಅಂತ ಮುಂದಿನ ಸಲ ಹೆಚ್ಚಿಗೆ ಇಟ್ಟೆ. ಇವತ್ತ ನೋಡಪಾ, ಲಿಂಬಿಕಾಯಿಯಷ್ಟು ತಿನಿಸೀನಿ!”

ನೇಗಿಲ ಕುಳದ ಬಾಯಿಗೆ ಬೆಲ್ಲ ಹಚ್ಚಿದರೆ ಮಣ್ಣಿಗೆ ಉಜ್ಜಿ ಹೋಗುತ್ತದೆ. ಐದು ಪಟ್ಟಿ, ಐದು ಸ್ಪ್ರಿಂಗಿನ ಕೀಲಿಗೆ ಬೆಲ್ಲ ತಿನಿಸಿದರೆ? ಬೆಳಿಗ್ಗೆ ಮೆತ್ತಗಿದ್ದು, ಬಿಸಿಲೇರಿದಂತೆ ಅಂಟಾಗಿ, ಆಮೇಲೆ ಕಲ್ಲಾಗಿ ಕೂಡುತ್ತದೆ. ಮಗ ಕುದಿಸಿದಾಗ ಕರಗಿ ನೀರಾಗಿ ಹೋಗುತ್ತದೆ. ಮಗ ಬೆಂಕಿಗೆ ಹಿಡಿದಷ್ಟು ಸಲ ತಾಯಿ ಬೆಲ್ಲ ಕೊಟ್ಟಿದ್ದಾಳೆ, ತಾಯಿ ಬೆಲ್ಲ ಕೊಟ್ಟಷ್ಟು ಸಲ ಮಗ ಬೆಂಕಿಗೆ ಹಿಡಿದಿದ್ದಾನೆ. ನಗಬೇಕೋ ಅಳಬೇಕೋ ತಿಳಿಯದೆ ನಾನು ಹಿತ್ತಲಿಗೆ ಓಡಿದೆ.

ಈರಬಸಪ್ಪ ತುಂಬಿದ ಕೊಡ ಕೆಳಗಿಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿದ. ನಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತ.

“ನೀರು ಕೆಂಪಗ ಬರತಿತ್ತು. ತುಕ್ಕು ಅಂದ್ಕೊಂಡಿದ್ದೆ” ಎಂದ. ಆಮೇಲೆ ಬಲಗೈಯನ್ನು ಮುಖದ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿದ. “ಹಂಗಾದರ ನನ್ನ ಕೈ ಹೋಗಿಲ್ಲೇನ್ರಿ?”

“ಹೋಗಿಲ್ಲೋ ಮಾರಾಯಾ, ಹೋಗಿಲ್ಲ!” ಎಂದೆ. ಒಂದೂವರೆ ತಿಂಗಳು ಈ ಮನುಷ್ಯ ದಿನವೂ ತನ್ನ ಕೈಯ ಸಾವನ್ನು ನೋಡುತ್ತ ಕೂತಿದ್ದ, ನಾವು ಓಣಿಯಲ್ಲಿ ನಿಂತು ನಗುತ್ತಿದ್ದೆವು.

ಅವನು ಒಮ್ಮೆಲೇ ಎದ್ದ. “ಬಾಯಿ ಇನ್ನೇನು ಬರತಾರ. ಬಿಚ್ಚಿ ಕುದಸಾಕ ಹೊತ್ತಿಲ್ಲ. ಹಂಡೇದಾಗ ನೀರು ಕುದ್ದಾವ. ಚಾದ ಕಿಟ್ಲಿ ಕೊಡ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ. ಗೊತ್ತಾದರ ಅಕಿ ಉಣ್ಣಾಕಿಲ್ಲ.”

ನನ್ನ ಮನೆಯ ಚಹಾದ ಕಿಟ್ಲಿಯಲ್ಲಿ ಕುದಿಯುವ ನೀರು ತುಂಬಿ, ಅದರ ಮೂತಿಯನ್ನು ಕೀಲಿಯ ತೂತಿಗೆ ಹಿಡಿದು ಅವನು ಮೆಲ್ಲಗೆ ಹೊಯ್ಯತೊಡಗಿದ. ಶಿವಗಂಗವ್ವ ಅಷ್ಟರಲ್ಲಿ ಕೋಣೆಗೆ ಹೋಗಿದ್ದಳು; ನಾನು ಅಡ್ಡ ನಿಂತೆ. ಆದರೆ ಹಬ್ಬದ ದಿನ ಮುಂಬಾಗಿಲಿಗೆ ಅಡ್ಡ ನಿಲ್ಲಲು ಯಾರಿಂದ ಸಾಧ್ಯ? ರಂಗೂಬಾಯಿ ‘ಗುಡಿ’, ಅಂದರೆ ಪಾಡವಾದ ಧ್ವಜ, ಏರಿಸಲು ಕೋಲು ಹಿಡಿದು ಬಂದರು. ನನ್ನ ಹೆಂಡತಿ ಬಂದಳು. ಫಕೀರಪ್ಪ ಎಂದೂ ಇಲ್ಲದ ಬಿಳಿ ಅಂಗಿ ತೊಟ್ಟು, ಕೈ ಉಜ್ಜಿ ತೊಳೆದುಕೊಂಡು ಪಂದ್ಯ ನೋಡಲು ಬಂದ. ಎಲ್ಲರಿಗಿಂತ ಹಿಂದೆ ಶಿವಗಂಗವ್ವ.

ಬಾಗಿಲ ಮೇಲಿಂದ ಹೊಸ್ತಿಲಿಗೆ ಕೆಂಪು ನೀರು ಇಳಿಯುತ್ತಿತ್ತು. ರಂಗೂಬಾಯಿ ಬಗ್ಗಿ ಬೆರಳಿಗೆ ಹಚ್ಚಿಕೊಂಡು ಮೂಸಿದರು, ಆಮೇಲೆ ನಾಲಿಗೆಗೆ ಹಚ್ಚಿದರು.

“ಗೂಳ!” ಎಂದು ಕೂಗಿದರು. “ಕುಲಪಾತ ಗೂಳ ಕೋಣೀ ಘಾತಲಾ? ಕೀಲ್ಯಾಗ ಬೆಲ್ಲ ಹಾಕಿದಾವರು ಯಾರು?”

ರಂಗೂಬಾಯಿಯ ಕಣ್ಣು ಎಲ್ಲರನ್ನೂ ದಾಟಿ ಫಕೀರಪ್ಪನ ತೊಳೆದ ಕೈಗಳ ಮೇಲೆ ನಿಂತಿತು. ನಾನು ಅಂಗಡಿಯಲ್ಲಿ ಮಾಡಿದ ರಂಪ ಅವರ ಕಿವಿಗೂ ಬಿದ್ದಿತ್ತು. “ನೀನs? ಖೋಲಿ ಸಲುವಾಗಿ?” ಎಂದರು.

ಫಕೀರಪ್ಪನ ಮುಖ ಅವನ ಇದ್ದಿಲಿಗಿಂತ ಕಪ್ಪಾಯಿತು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬಾಯಿ ತೆರೆದರೆ ಮುದುಕಿಗೆ ಏಟು, ಮುಚ್ಚಿದರೆ ನಿರಪರಾಧಿಗೆ. ಅಷ್ಟರಲ್ಲಿ ಶಿವಗಂಗವ್ವ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ಅಂವ ಅಲ್ರಿ ಬಾಯಿ. ಬೆಲ್ಲ ಇಟ್ಟಾಕಿ ನಾನು. ಅದಕ್ಕ್ಯಾಕ ಸಿಟ್ಟು? ಒಳ್ಳೇದಾಗಲಿ ಅಂತ ಇಟ್ಟೀನಿ.” ಹೇಳುತ್ತ ಹೇಳುತ್ತ ಅವಳು ಮಗನ ಕೈಯ ಕಿಟ್ಲಿ ನೋಡಿದಳು, ಕೆಂಪು ನೀರು ನೋಡಿದಳು, ಬಾಗಿಲು ನೋಡಿದಳು. ಕಂಬಾರನ ಹೆಂಡತಿ, ಕಂಬಾರನ ತಾಯಿ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. “ಅಯ್ಯ ಶಿವನ... ನಾಕೂ ಸಲ ನಾನೇನೋ ಈರಬಸೂ? ನನ್ನ ಮಗನ ಕೈ ಕಟ್ಟಿದಾಕಿ ನಾನೇನು?”

ಅವಳು ಹೊಸ್ತಿಲ ಮೇಲೆ, ಆ ಬೆಲ್ಲದ ನೀರಲ್ಲೇ ಕೂತುಬಿಟ್ಟಳು.

ಈರಬಸಪ್ಪ ಕಿಟ್ಲಿ ನನ್ನ ಕೈಗಿತ್ತು, ಅರಿವೆಯಿಂದ ಕೀಲಿ ಒರೆಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಕೀಲಿಕೈಯನ್ನು ರಂಗೂಬಾಯಿಯ ಮುಂದೆ ಹಿಡಿದ. ಅವರು ಕೋಲನ್ನು ಗೋಡೆಗೆ ಆನಿಸಿ, ಸೆರಗು ಸಿಕ್ಕಿಸಿ, ತಿರುವಿದರು. ಟಕ್. ಮತ್ತೆ ತಿರುವಿದರು. ಟಕ್. “ಏಕ, ದೋನ, ತೀನ...” ಎಂದು ಎಣಿಸುತ್ತ ಹಾಕಿ ತೆಗೆದು ಮಾಡಿದರು. ಓಣಿಯ ಜನ ಒಬ್ಬೊಬ್ಬರಾಗಿ ಸೇರಿ ಅವರ ಜೊತೆ ಎಣಿಸಿದರು. ಇಪ್ಪತ್ತೊಂದಕ್ಕೆ ಅವರ ಕೈ ಸೋತಿತು, ಕೀಲಿ ಸೋಲಲಿಲ್ಲ.

“ಖೋಲೀ ತುಝೀ” ಎಂದರು ರಂಗೂಬಾಯಿ. ಖೋಲಿ ನಿನ್ನದು.

ನಾನು ಫಕೀರಪ್ಪನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ತಪ್ಪಾಯಿತು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಆತು ಬಿಡ್ರಿ. ಖೋಲಿ ಹೋದರ ಹೋತು. ಕುಲುಮಿಗೆ ಇದ್ದಲಿ ಬೇಕಲಾ, ಅದು ನನ್ನ ಅಂಗಡ್ಯಾಂದನ ಆಗಬೇಕು. ಹೊತ್ತು ತರೂದು ಮಾತ್ರ ನೀವು, ಒಂದು ತಿಂಗಳು” ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಒಪ್ಪಿಕೊಂಡೆ, ಒಂದು ತಿಂಗಳು ಹೊತ್ತೆ ಕೂಡ.

ಶಿವಗಂಗವ್ವ ಮಾತ್ರ ಎದ್ದಿರಲಿಲ್ಲ. ರಂಗೂಬಾಯಿ ಕರೆದರು, ಸಾವಂತ್ರವ್ವ ಕೈ ಹಿಡಿದು ಎಬ್ಬಿಸಲು ನೋಡಿದಳು. ಮುದುಕಿ ತಲೆ ಎತ್ತಲಿಲ್ಲ. ಉಳಿದ ಬೆಲ್ಲದ ಉಂಡೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು, ತುಪ್ಪ ಬೆರಳ ಸಂದಿಯಿಂದ ಇಳಿಯುತ್ತಿತ್ತು.

ಈರಬಸಪ್ಪ ಅವಳೆದುರು ಕುಕ್ಕರಗಾಲಲ್ಲಿ ಕೂತ.

“ಅವ್ವಾ, ಬೆಂಕ್ಯಾಗ ಹೊಕ್ಕು ಹೊರಗ ಬಂದದ್ದರ ಬಾಯಿ ಸೀ ಮಾಡಬೇಕು ಅಂತಿಯಲ್ಲ?”

ಅವಳು ಮುಷ್ಟಿಯನ್ನು ಇನ್ನಷ್ಟು ಬಿಗಿದಳು.

“ಕೀಲಿದು ನಾಕು ಸಲ ಮಾಡಿದಿ. ಇದರದು ಒಮ್ಮೆನೂ ಮಾಡಲಿಲ್ಲ” ಎಂದು ಬಲಗೈಯನ್ನು ಅವಳ ಮಡಿಲ ಮೇಲೆ ಅಂಗೈ ಮೇಲಾಗಿ ಇಟ್ಟ. “ದಸರಾದಿಂದ ಇದೂ ಬೆಂಕ್ಯಾಗ ಇತ್ತವ್ವಾ. ಇವತ್ತ ಹೊರಗ ಬಂದದ. ನಾಳೆಯಿಂದ ದುಡಿಮಿಗೆ ಹಚ್ಚತೀನಿ.”

ಮುದುಕಿ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಟಾಂಗಾದ ಚಕ್ರ ಹಾದುಹೋದ ದಿನದಿಂದ ಅವಳು ಅದನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮುಷ್ಟಿ ಬಿಚ್ಚಿ ಬೆಲ್ಲವನ್ನು ಅಂಗೈಯ ನಡುವೆ ಇಟ್ಟಳು. ಆಮೇಲೆ, ಪದ್ಧತಿ ನೆನಪಾಗಿ, “ಮಾಡಿದಾಂವ ನೋಡಬಾರದೋ” ಎಂದಳು.

“ಇದನ್ನ ಮಾಡಿದಾಕಿ ನೀನು. ನೀನs ಕಣ್ಣು ಮುಚ್ಚು” ಎಂದ ಈರಬಸಪ್ಪ.

ಅವಳು ನಿಜವಾಗಿಯೂ ಕಣ್ಣು ಮುಚ್ಚಿಕೊಂಡಳು, ನೀರು ಮುಚ್ಚಿದ ರೆಪ್ಪೆಯಿಂದಲೂ ಇಳಿಯಿತು. ಅವನು ಬೆಲ್ಲದ ಸುತ್ತ ಬೆರಳು ಮಡಚಿದ. ಎರಡು ನೆಟ್ಟಗೆ ನಿಂತವು. ಹಿಡಿದು ಬಾಯಿಗೆ ಹಾಕಿಕೊಳ್ಳಲು ಉಳಿದ ಮೂರೇ ಸಾಕಾದವು.